ಏಣಿಕಾಲು: ಒಂದು ತಿದ್ದುಪಡಿ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ೨೦೨೪ರ ಜನವರಿ ೧೬ರಂದು ಅಕ್ಕಿಆಲೂರಿನಲ್ಲಿ ಆ ಪದವನ್ನು ಮೊದಲ ಸಲ ಕೇಳಿದೆ. ಜನವರಿ ೨೩ರಂದು ಮಾಸೂರಿನಲ್ಲಿ, ೩೦ರಂದು ಶಿಗ್ಗಾವಿಯಲ್ಲಿ ಮತ್ತೆ ಕೇಳಿದೆ. ಫೆಬ್ರವರಿ ೫ರಿಂದ ೭ರವರೆಗೆ ಸವಣೂರಿನ ಒಂದು ವೀಳ್ಯದೆಲೆ ತೋಟದಲ್ಲಿ ಆ ಪದದಿಂದ ಕರೆಸಿಕೊಳ್ಳುವ ಮನುಷ್ಯನನ್ನು ನೋಡಿದೆ. ಫೆಬ್ರವರಿ ೧೨ರಂದು ಅದನ್ನು ನನ್ನ ವರದಿಯಲ್ಲಿ ಬರೆದೆ. ಫೆಬ್ರವರಿ ೨೬ರಂದು ಆ ಮನುಷ್ಯ ತೋಟ ಬಿಟ್ಟು ಹೋದರು. ಪದದ ಹುಟ್ಟು ನನಗೆ ತಿಳಿದದ್ದು ಫೆಬ್ರವರಿ ೨೭ರಂದು. ಈ ಕ್ರಮದಲ್ಲಿ ಕೊನೆಯದು ಎಲ್ಲಕ್ಕಿಂತ ಮೊದಲು ಬರಬೇಕಿತ್ತು.

ನನ್ನ ಹೆಸರು ಅಂಕಿತಾ. ಊರು ಹಾನಗಲ್. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ, ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಬೆಳೆಗಾರರು ಕೂಡಿ ಕಟ್ಟಿಕೊಂಡ ಒಂದು ಸಂಘದಲ್ಲಿ ಕೆಲಸಕ್ಕೆ ಸೇರಿದೆ. ಸಂಘದ ಕಚೇರಿ ಇದ್ದದ್ದು ಶಿಗ್ಗಾವಿಯಲ್ಲಿ. ನನಗೆ ಒಪ್ಪಿಸಿದ ಕೆಲಸ ಸರಳವಾಗಿತ್ತು: ಗಿರಣಿಯಲ್ಲಾಗಲಿ, ಗದ್ದೆಯಲ್ಲಾಗಲಿ, ತೋಟದಲ್ಲಾಗಲಿ ಗಡಿಯಾರ ಹಿಡಿದು ಕುಳಿತು, ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಯಾರು ಏನು ಮಾಡುತ್ತಿದ್ದಾರೆ ಎಂಬುದನ್ನು ಅಂಕಣಗಳಿರುವ ತಖ್ತೆಯಲ್ಲಿ ತುಂಬುವುದು. ಕಂಡದ್ದನ್ನು ಬಿಟ್ಟು ಒಂದಕ್ಷರವನ್ನೂ ಬರೆಯಬಾರದೆಂದು ನನಗೆ ನಾನೇ ನಿಯಮ ಹಾಕಿಕೊಂಡಿದ್ದೆ. ಆ ನಿಯಮವನ್ನು ಮುರಿಯಲಿಲ್ಲ. ಆದದ್ದೆಲ್ಲ ಅದನ್ನು ಪಾಲಿಸಿಯೇ ಆದದ್ದು.

ಅಕ್ಕಿಆಲೂರಿನ ಅಕ್ಕಿ ಗಿರಣಿಯ ಕಣದಲ್ಲಿ ಸಿದ್ದವ್ವ ಎಂಬಾಕೆ ಕುದಿಸಿದ ಭತ್ತವನ್ನು ಹರವುತ್ತಿದ್ದಳು. ಅಲ್ಲೇ ಒಬ್ಬ ಹಮಾಲ ಚೀಲಗಳ ಒಟ್ಟಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

"ಏ ಏಣಿಕಾಲ! ಚೀಲಕ್ಕ ನೀ ಆಧಾರೋ, ನಿನಗ ಚೀಲ ಆಧಾರೋ?" ಎಂದು ಸಿದ್ದವ್ವ ಕೂಗಿದಳು. ಕಣದ ಹೆಂಗಸರೆಲ್ಲ ನಕ್ಕರು. ಹಮಾಲ ಬೈದುಕೊಳ್ಳುತ್ತ ಚೀಲ ಎತ್ತಿದ.

ನಾನು ಅರ್ಥ ಕೇಳಿದೆ.

"ಕೆಲಸಗಳ್ಳ ರೀ ಮೇಡಮ್ಮಾ. ದುಡ್ಯೋರ ನಡುವ ನಿಂತು ತಾನೂ ದುಡದಂಗ ಕಾಣಾಂವ."

"ಹಂಗ ಯಾಕ ಅಂತೀರಿ?"

"ನಮ್ಮವ್ವ ಅಂತಿದ್ಲು, ನಾ ಅಂತೇನಿ. ಸಂತ್ಯಾಗ ಎಲಿ ಮಾರಾಕ ಬರೋರ ಬಾಯಾಗೂ ಅದ ಮಾತ ಇರ್ತದ."

ಎಲೆ ಮಾರುವವರ ಮಾತನ್ನು ನಾನು ಬರೆದುಕೊಳ್ಳಲಿಲ್ಲ. ಅರ್ಥವನ್ನಷ್ಟೇ ಬರೆದುಕೊಂಡೆ.

ಒಂದು ವಾರದ ನಂತರ ಮಾಸೂರಿನಲ್ಲಿ ದ್ಯಾಮಪ್ಪ ಎಂಬ ರೈತರು ತಮ್ಮ ಅಳಿಯನ ಬಗ್ಗೆ ಹೇಳುತ್ತಿದ್ದರು: "ಪಕ್ಕಾ ಏಣಿಕಾಲ ನೋಡ್ರಿ ಅಂವಾ. ಕೆರಿ ನೀರ ಬಿಟ್ಟಾಗ ಒಡ್ಡ ಕಟ್ಟಾಕ ಕರದ್ರ, ಸಲಿಕಿ ಕಾವಿಗೆ ಗದ್ದಾ ಊರಿ ನೀರಿಗೆ ದಾರಿ ತೋರಸ್ತಾನ." ಮುಂದಿನ ವಾರ ಶಿಗ್ಗಾವಿಯ ಕಚೇರಿಯಲ್ಲಿ ನಮ್ಮ ವ್ಯವಸ್ಥಾಪಕರಾದ ಶಂಭುಲಿಂಗ ಅವರು ಖಾಲಿ ಕುರ್ಚಿಗಳನ್ನು ನೋಡಿ, "ಈ ಆಫೀಸಿನ್ಯಾಗ ಏಣಿಕಾಲ ಭಾಳ ಅದಾವು, ಏಣಿ ಮಾತ್ರ ಒಂದೂ ಇಲ್ಲ" ಎಂದರು. ಎಲ್ಲರೊಂದಿಗೆ ನಾನೂ ನಕ್ಕೆ.

ಮೂರು ತಾಲೂಕು, ಮೂವರು ಮಾತಾಡಿದವರು, ಒಂದೇ ಅರ್ಥ. ಇಷ್ಟು ಸಾಕ್ಷ್ಯ ಸಾಕೆಂದುಕೊಂಡೆ. ಗಿರಣಿಯಲ್ಲಾಗಲಿ, ಗದ್ದೆಯಲ್ಲಾಗಲಿ, ಕಚೇರಿಯಲ್ಲಾಗಲಿ ಏಣಿ ಇರಲಿಲ್ಲ ಎಂಬುದನ್ನು ಶಂಭುಲಿಂಗ ಅವರು ತಮಾಷೆಗಾದರೂ ಹೇಳಿದ್ದರು. ನನಗೆ ಹೊಳೆಯಲಿಲ್ಲ.

ಸವಣೂರಿನ ತೋಟದಲ್ಲಿ ಎಲೆ ಕೊಯ್ಯುತ್ತಿದ್ದ ತಂಡದಲ್ಲಿ ಐವರಿದ್ದರು. ಮುಖ್ಯಸ್ಥ ಅಲ್ಲಾಭಕ್ಷ, ವಯಸ್ಸು ಐವತ್ತರ ಹತ್ತಿರ. ಅವರ ಜೊತೆ ವಸೀಮ ಮತ್ತು ಮುಜಾಫರ ಎಂಬ ಇಬ್ಬರು ಯುವಕರು. ಈ ಮೂವರಲ್ಲಿ ಸರದಿಯ ಮೇಲೆ ಒಬ್ಬರು ಏಣಿ ಏರುವರು, ಉಳಿದಿಬ್ಬರು ಕೈಗೆಟುಕುವ ಬಳ್ಳಿಗಳಲ್ಲಿ ಕೊಯ್ಯುವರು. ಬಳ್ಳಿಗಳು ನುಗ್ಗಿ ಮತ್ತು ಚೊಗಚಿ ಗಿಡಗಳ ಮೇಲೆ ಹಬ್ಬಿದ್ದವು. ಹೆಬ್ಬೆರಳಿಗೆ ಕಬ್ಬಿಣದ ಉಗುರು ಹಾಕಿಕೊಂಡು ತೊಟ್ಟಿನ ಬುಡದಲ್ಲಿ ಚಿವುಟಿದರೆ ಎಲೆ ಹರಿಯದೆ ಕೈಗೆ ಬರುತ್ತಿತ್ತು. ಗುಲ್ನಾರ ಎಂಬ ಹೆಂಗಸು ನೆಲದಲ್ಲಿ ಕುಳಿತು ಎಲೆ ಜೋಡಿಸಿ ಕಟ್ಟು ಕಟ್ಟುತ್ತಿದ್ದಳು. ಐದನೆಯವರು ಬಾಬಾಜಾನ. ವಯಸ್ಸು ಐವತ್ತೆರಡು. ಅವರು ಏಣಿಯ ಬುಡದಲ್ಲಿ ನಿಂತಿರುತ್ತಿದ್ದರು.

ಏಣಿ ಬಿದಿರಿನದು. ಅದಕ್ಕೆ ಹದಿನಾಲ್ಕು ಮೆಟ್ಟಿಲು. ಏರಿದವರು ಪ್ರತಿ ಸಲ ಎಷ್ಟನೆಯ ಮೆಟ್ಟಿಲಿನವರೆಗೆ ಹೋದರು ಎಂಬುದನ್ನೂ ತಖ್ತೆಯಲ್ಲಿ ಬರೆಯುತ್ತಿದ್ದೆ.

ಮೊದಲ ದಿನ ಬೆಳಿಗ್ಗೆ ಎಂಟೂ ಕಾಲಿಗೆ ಬಾಬಾಜಾನರ ಸಾಲಿನಲ್ಲಿ ಹೀಗೆ ಬರೆದೆ: "ಎಡ ಭುಜ ಏಣಿಗೆ ಆನಿಸಿದ್ದಾರೆ. ಬಲಗೈ ಜೇಬಿನಲ್ಲಿದೆ. ಮೇಲೆ ನೋಡುತ್ತ ಮಾತಾಡುತ್ತಿದ್ದಾರೆ." ಎಂಟೂವರೆಗೂ ಅದೇ. ಹತ್ತಕ್ಕೂ ಅದೇ. ಏಣಿ ಗಿಡದಿಂದ ಗಿಡಕ್ಕೆ ಸರಿದಾಗ ಅವರೂ ಸರಿದರು. ಎತ್ತಿ ಇಟ್ಟವರು ಬೇರೆಯವರು. ಬಾಬಾಜಾನ ಪಾದದಿಂದ ನೆಲವನ್ನು ಒತ್ತಿ ನೋಡಿ, "ಇಲ್ಲಿ ಬ್ಯಾಡ, ಗೇಣ ಆಚೆ" ಎಂದಷ್ಟೇ ಹೇಳುತ್ತಿದ್ದರು. ಅದನ್ನು ನಾನು "ಮಾತು" ಎಂಬ ಅಂಕಣಕ್ಕೆ ಹಾಕಿದೆ.

"ಇವರ ಕೆಲಸ ಏನ್ರಿ?" ಎಂದು ಕೇಳಿದೆ.

ಮೇಲಿನಿಂದ ವಸೀಮ ಉತ್ತರಿಸಿದ: "ಅವರಾ? ಏಣಿಕಾಲ ರೀ ಅವರು! ನಾವು ಏರತೇವಿ, ಅವರು ನೋಡ್ತಾರ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಬಾಬಾಜಾನ. "ಬರಕೋರಿ ಮೇಡಮ್ಮಾರ. ಹತ್ತೊಂಬತ್ತ ವರ್ಷ ಆತು, ಒಂದ ಎಲಿ ಕಿತ್ತಿಲ್ಲ ನಾನು. ಸವಣೂರಾಗ ಇಂಥಾ ನೌಕರಿ ಯಾರಿಗೈತಿ?"

"ಶಾದಿ ಆದಾಗಿಂದ ಮನ್ಯಾಗೂ ಅದ ನೌಕರಿ ಅಂತ ಭಾಬಿ ಅಂತಾರ!" ಎಂದ ಮುಜಾಫರ.

"ನಿನಗ ಆ ನೌಕರಿನೂ ಯಾರೂ ಕೊಡವಲ್ರಲ್ಲೋ" ಎಂದರು ಬಾಬಾಜಾನ. ಮುಜಾಫರನಿಗೆ ಹೆಣ್ಣು ನೋಡುತ್ತಿದ್ದರೆಂದು ಗುಲ್ನಾರ ನನಗೆ ವಿವರಿಸಿದಳು.

ಹತ್ತೊಂಬತ್ತು ಎಂಬ ಅಂಕೆಯನ್ನು ಬರೆದುಕೊಂಡೆ. ಅದಕ್ಕೂ ಮೊದಲು ಅವರು ಏನು ಮಾಡುತ್ತಿದ್ದರು ಎಂದು ಕೇಳಲಿಲ್ಲ.

ಎರಡನೆಯ ದಿನ ಇನ್ನೊಂದು ಸಣ್ಣ ಘಟನೆ ನಡೆಯಿತು. ಅಲ್ಲಾಭಕ್ಷರು ಏಣಿಯ ತುದಿಯ ಮೆಟ್ಟಿಲಿನ ಮೇಲಿದ್ದಾಗ ಅವರ ಸೊಂಟದ ಬುಟ್ಟಿ ಜಾರಿತು. "ಬಿತ್ತು, ಬಿತ್ತು!" ಎಂದು ನಾನು ಕೂಗಿದೆ. ಎಲ್ಲರ ಕೈಗಳೂ ನಿಂತವು. ಬಾಬಾಜಾನರ ಮಾತೂ ನಿಂತಿತು. ಗುಲ್ನಾರ ನನ್ನ ಮೊಣಕೈ ಮುಟ್ಟಿ ಮೆಲ್ಲಗೆ ಹೇಳಿದಳು: "ಇಳೀತು ಅನ್ರಿ ಮೇಡಮ್ಮಾರ. ತೋಟದಾಗ ಆ ಮಾತ ಆಡಂಗಿಲ್ಲ." ಎಲೆ ಬಿದ್ದರೂ ಇಳಿಯಿತು, ಬುಟ್ಟಿ ಬಿದ್ದರೂ ಇಳಿಯಿತು. ಬೇಲಿಯೊಳಗೆ ಬೀಳುವ ಮಾತನ್ನೇ ಅವರು ಎತ್ತುತ್ತಿರಲಿಲ್ಲ. ಇದನ್ನು ತಖ್ತೆಯ ಅಂಚಿನಲ್ಲಿ "ಒಂದು ನಂಬಿಕೆ" ಎಂದು ಗುರುತಿಸಿ ಪುಟ ತಿರುಗಿಸಿದೆ.

ವರದಿಯಲ್ಲಿ "ಕೆಲಸದ ಹೆಸರು" ಎಂಬ ಅಂಕಣ ಇತ್ತು. ಅಲ್ಲಾಭಕ್ಷ, ವಸೀಮ, ಮುಜಾಫರ: ಕೊಯ್ಲು. ಗುಲ್ನಾರ: ಕಟ್ಟು ಕಟ್ಟುವುದು. ಬಾಬಾಜಾನರ ಮುಂದೆ ಆ ಅಂಕಣವನ್ನು ಖಾಲಿ ಬಿಡಬಹುದಿತ್ತು. ಖಾಲಿ ಬಿಡುವುದು ನನ್ನ ಅಭ್ಯಾಸದಲ್ಲಿರಲಿಲ್ಲ. "ಏಣಿಕಾಲು" ಎಂದು ಬರೆದೆ. ಷರಾ ಅಂಕಣದಲ್ಲಿ ಹೀಗೆ ಸೇರಿಸಿದೆ: "ಸ್ಥಳೀಯ ಪದ. ಕೆಲಸ ತಪ್ಪಿಸುವವನು ಎಂದರ್ಥ. ಹಾನಗಲ್, ಹಿರೇಕೆರೂರು, ಶಿಗ್ಗಾವಿ ತಾಲೂಕುಗಳಲ್ಲೂ ಇದೇ ಅರ್ಥದಲ್ಲಿ ಬಳಕೆಯಲ್ಲಿದೆ. ಸದರಿಯವರು ತಾವೇ ಒಪ್ಪಿಕೊಂಡಿದ್ದಾರೆ." ಕೆಳಗೆ ಸಹಿ ಮಾಡಿದೆ.

ಫೆಬ್ರವರಿ ೨೬ರಂದು ಸಂಘದ ಪತ್ರವನ್ನು ತೋಟಕ್ಕೆ ಒಯ್ದು ಓದಿ ಹೇಳುವ ಕೆಲಸವೂ ನನ್ನದಾಯಿತು. ಅಲ್ಲಾಭಕ್ಷರು ಏಣಿಯ ಮೇಲಿದ್ದರು. ಬಾಬಾಜಾನ ಬುಡದಲ್ಲಿದ್ದರು. ನಾನು ಓದಿದೆ: "ಏಣಿಕಾಲು ಎಂಬ ಕೆಲಸವು ಅನಗತ್ಯವೆಂದು ವೀಕ್ಷಣೆಯಿಂದ ಕಂಡುಬಂದಿದ್ದು, ಮಾರ್ಚ್ ಒಂದರಿಂದ ತಂಡವು ನಾಲ್ಕು ಜನರದ್ದಾಗಿರತಕ್ಕದ್ದು."

ಪದ ಕೇಳಿದೊಡನೆ ವಸೀಮ ನಗಲು ಶುರು ಮಾಡಿದ. ವಾಕ್ಯ ಮುಗಿಯುವಷ್ಟರಲ್ಲಿ ನಿಲ್ಲಿಸಿದ.

"ನನ್ನ ಹೆಸರ ಛಾಪಾ ಆಗಿ ಬಂತಲ್ಲೋ!" ಎಂದರು ಬಾಬಾಜಾನ. ಆಮೇಲೆ ನನ್ನ ಕಡೆ ತಿರುಗಿ, "ಅರ್ಥಾನೂ ಬರದೀರೇನ್ರಿ?" ಎಂದು ಕೇಳಿದರು.

ಪತ್ರದ ಜೊತೆ ನನ್ನ ಷರಾದ ಪ್ರತಿ ಇತ್ತು. ಕೇಳಿದ್ದಕ್ಕೆ ಉತ್ತರ ಕೊಡುವುದು ಸರಿಯೆಂದು ಅದನ್ನೂ ಓದಿದೆ. ಕೊನೆಯ ಸಾಲನ್ನೂ ಬಿಡಲಿಲ್ಲ.

ಅಲ್ಲಾಭಕ್ಷರು ಕೆಳಗಿಳಿದು ಬಂದರು. ಅವರ ಬೆರಳಿನ ಕಬ್ಬಿಣದ ಉಗುರು ಹಾಗೇ ಇತ್ತು. "ಮೇಡಮ್ಮಾರ, ಒಂದ್ ಮಾತೈತಿ. ರಸ್ತೇಕ ನಡೀರಿ, ಬೇಲಿ ಹೊರಗ ಹೇಳ್ತೇನಿ."

"ಇಲ್ಲೇ ಹೇಳ್ರಿ" ಎಂದೆ. "ಏನಿದ್ರೂ ಎಲ್ಲಾರ ಮುಂದ ಆಗ್ಲಿ."

ಮುಚ್ಚುಮರೆ ಇರಬಾರದೆಂಬುದು ನನ್ನ ಇನ್ನೊಂದು ನಿಯಮವಾಗಿತ್ತು. ಅಲ್ಲಾಭಕ್ಷರು ಏಣಿಯ ಕಡೆ ನೋಡಿದರು.

"ಬ್ಯಾಡ, ಅಲ್ಲಾಭಕ್ಷ" ಎಂದರು ಬಾಬಾಜಾನ. "ಇಲ್ಲಿ ಅದರ ಸುದ್ದಿ ಬ್ಯಾಡ. ಇನ್ನಾ ಏರೋದೈತಿ ನಿಮಗ."

ಆಮೇಲೆ ಅವರು ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟನ್ನು ಹಿಡಿದು ಜೇಬಿನಿಂದ ಹೊರಗೆ ತೆಗೆದರು. ಅದನ್ನು ಹಣೆಯ ಕಡೆಗೆ ಎತ್ತಿ ಎಲ್ಲರಿಗೂ ಸಲಾಂ ಮಾಡಿದರು. ಎತ್ತಿದ್ದು ಎಡಗೈ, ಬಲಗೈ ಅದರ ಜೊತೆ ಹೋಯಿತು ಅಷ್ಟೇ. ಎದೆಯ ಮಟ್ಟ ದಾಟಲಿಲ್ಲ. ಮೂರು ದಿನಗಳಲ್ಲಿ ನೂರಕ್ಕೂ ಹೆಚ್ಚು ಸಲ "ಬಲಗೈ ಜೇಬಿನಲ್ಲಿದೆ" ಎಂದು ಬರೆದಿದ್ದೆ. ಆ ಕೈ ಜೇಬಿನೊಳಗೆ ಹೇಗೆ ಹೋಗುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಟವೆಲನ್ನು ಹೆಗಲಿಗೆ ಹಾಕಿಕೊಂಡು ಅವರು ಹೊರಟರು. ಆ ದಿನ ಮತ್ತೆ ಯಾರೂ ಏಣಿ ಏರಲಿಲ್ಲ.

ಮರುದಿನ ಅವರ ಮನೆಗೆ ಹೋದೆ. ಬಾಬಾಜಾನ ಇರಲಿಲ್ಲ. ಅವರ ಹೆಂಡತಿ ಮರಿಯಮಬಿ ಬಾಗಿಲಿಗೆ ಬಂದರು.

"ಬರದಾಕಿ ನೀವ ಏನು?"

"ಹೌದ್ರಿ."

"ಕುಂದ್ರಿ. ಚಾ ಮಾಡ್ತೇನಿ. ಮನೀಗೆ ಬಂದವರನ್ನ ನಿಂದರಿಸಿ ಕಳಸೋದು ನಮಗ ಗೊತ್ತಿಲ್ಲ. ನಿಂದರೋದು ಏನಿದ್ರೂ ನಮ್ಮ ಮನಿಯವರ ಕೆಲಸ."

ಚಹಾ ಬಂದ ಮೇಲೆ ಹೇಳಿದರು. ಹತ್ತೊಂಬತ್ತು ವರ್ಷಗಳ ಹಿಂದಿನ ಮಾತು. ಆಗ ಬಾಬಾಜಾನರಷ್ಟು ಎತ್ತರ ಏರುವವರು ಆ ಭಾಗದ ತೋಟಗಳಲ್ಲಿ ಇನ್ನೊಬ್ಬರಿರಲಿಲ್ಲ. ಒಂದು ಮಳೆಗಾಲದ ಬೆಳಿಗ್ಗೆ ಅಲ್ಲಾಭಕ್ಷರು ಮೇಲಿದ್ದರು, ಬಾಬಾಜಾನ ಕೆಳಗೆ ಬುಟ್ಟಿ ಇಸಿದುಕೊಳ್ಳುತ್ತಿದ್ದರು. ಏಣಿಯ ಒಂದು ಕಾಲು ಹಸಿ ಮಣ್ಣಿನಲ್ಲಿ ಇಳಿಯಿತು.

"ಬಾಜೂಕ ಸರದಿದ್ರ ಮುಗೀತಿತ್ತು" ಎಂದರು ಮರಿಯಮಬಿ. "ಸರೀಲಿಲ್ಲ. ಭುಜ ಕೊಟ್ರು. ಏಣಿ, ಮ್ಯಾಲಿನಾಂವ, ಎಲ್ಲಾ ಒಂದ ಭುಜದ ಮ್ಯಾಲೆ ಬಿತ್ತು. ಇದು ಮನಿ, ಇಲ್ಲಿ ಬಿತ್ತು ಅನ್ನಬಹುದು. ಅಲ್ಲಾಭಕ್ಷಗ ಒಂದ ತರಚಗಾಯ ಇಲ್ಲ. ಇವರನ್ನ ಹುಬ್ಬಳ್ಳಿಗೆ ಒಯ್ದ್ರು. ಕೈ ಉಳೀತು, ಏಳೋದು ಉಳೀಲಿಲ್ಲ."

"ಆಮ್ಯಾಲೆ?"

"ಆಮ್ಯಾಲೆ ಏನು? ಎಲಿ ತೋಟದವರದೊಂದು ರಿವಾಜು ಐತಿ. ಹಿಂಗ ಹಿಡದು ಕೈನೋ ಸೊಂಟಾನೋ ಕಳಕೊಂಡಾಂವ ತನ್ನ ತಂಡದಾಗ ಏಣಿ ಬುಡಕ್ಕ ನಿಂದ್ರಬೇಕು, ಜೀವ ಇರೋತನಾ. ಎಲ್ಲಾರ ಸರೀಸಮ ಪಾಲು. ಅಂವಾ ಕೆಳಗ ಅದಾನ ಅಂದ್ರ ಏರಾಂವಗ ಅಂಜಿಕಿ ಇಲ್ಲ. ಒಮ್ಮೆ ಬಿಡಲಾರದಾಂವ ಮತ್ತೊಮ್ಮೆ ಬಿಡ್ತಾನೇನು? ಅದಕ್ಕ ಏಣಿಕಾಲ ಅಂತಾರ. ಇವರಕಿಂತ ಮೊದಲ ಅಲ್ಲಾಭಕ್ಷನ ಚಾಚಾ ಏಣಿಕಾಲ ಇದ್ದ. ಅವನ ಸೊಂಟ ಹೋಗಿತ್ತು."

"ಹಂಗಾದ್ರ ಕೆಲಸಗಳ್ಳರಿಗೆ ಆ ಹೆಸರು ಹೆಂಗ ಬಂತ್ರಿ?"

ಅವರು ಚಹಾದ ಬಸಿಗಳನ್ನು ಒಂದರ ಮೇಲೊಂದು ಇಟ್ಟರು. "ಹೊರಗಿನ ಮಂದಿ ಬೇಲಿ ಸಂದ್ಯಾಗಿಂದ ನೋಡ್ತಾರ. ನಾಲ್ಕ ಮಂದಿ ದುಡ್ಯಾಕತ್ತಾರ, ಒಬ್ಬಾಂವ ನಿಂತಾನ. ಅಷ್ಟ ಕಾಣ್ತದ. ಯಾಕ ನಿಂತಾನ ಅಂತ ತೋಟದಾಗ ಹೇಳಾಕ ಬರಂಗಿಲ್ಲ, ಹೇಳಿದ್ರ ಬಿದ್ದ ಸುದ್ದಿ ತಗೀಬೇಕು. ಹೆಸರಷ್ಟ ಹೊರಗ ಹೋತು. ಎಲಿ ಬುಟ್ಟಿ ಕೂಡ ಸಂತಿಗೂ ಹೋತು. ನಮ್ಮವ್ರೂ ನಗ್ತಾರ್ರಿ. ನಕ್ಕರ ಅವರಿಗೂ ಹಗುರ, ಇವರಿಗೂ ಹಗುರ."

ನಾನು ಏಳುವಾಗ ಅವರು ಇನ್ನೊಂದು ಮಾತು ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವ್ವಾ, ಸಂತಿ ಮಂದಿಗೆ ನಾ ಏನೂ ಅನ್ನಂಗಿಲ್ಲ. ಅವರು ಹೊರಗಿನವರು. ನೀವು ಮೂರ ದಿನ ಒಳಗ ಕುಂತಿದ್ರಲ್ಲಾ?"

ಆ ಸಂಜೆಯೇ ನಾಲ್ಕು ಪುಟಗಳ ತಿದ್ದುಪಡಿ ಬರೆದು ಶಿಗ್ಗಾವಿಗೆ ಕೊಟ್ಟೆ. ಶಂಭುಲಿಂಗ ಅವರು ಪೂರ್ತಿ ಓದಿದರು. "ನಾನೂ ಎಷ್ಟ ಸಲ ಅಂದೇನಿ ಆ ಮಾತ" ಎಂದರು. ಪುಟಗಳನ್ನು ಮಡಚಿ ಇಟ್ಟು, "ಪತ್ರ ರದ್ದ ಮಾಡ್ತೇನಿ. ಹೋಗಿ ಕರಕೊಂಡ ಬರ್ರಿ ಅವರನ್ನ" ಎಂದರು. ಮಾರ್ಚ್ ಒಂದರಂದು ರದ್ದತಿಯ ಪತ್ರ ನನ್ನ ಕೈಯಲ್ಲಿತ್ತು. ತಪ್ಪು ಇಷ್ಟು ಬೇಗ ಸರಿಹೋಗುವಂಥದ್ದೆಂದು ಬಸ್ಸಿನಲ್ಲಿ ಕುಳಿತಾಗ ನನಗೆ ಅನ್ನಿಸಿತ್ತು.

ಬಾಬಾಜಾನ ಸವಣೂರಿನ ಪೇಟೆಯಲ್ಲಿ ಒಬ್ಬ ಎಲೆ ವ್ಯಾಪಾರಿಯ ಅಂಗಡಿಯ ಮುಂದೆ ಕುಳಿತು ಕೊಳೆತ ಎಲೆಗಳನ್ನು ಬೇರೆ ಮಾಡುತ್ತಿದ್ದರು. ಎಡಗೈಯಿಂದ ಎಲೆ ಎತ್ತುವುದು, ಬೆಳಕಿಗೆ ಹಿಡಿಯುವುದು, ಬಲಗಡೆಗೋ ಎಡಗಡೆಗೋ ಇಡುವುದು. ಬಲಗೈ ತೊಡೆಯ ಮೇಲಿತ್ತು. ನಾನು ಪತ್ರ ಓದಿದೆ. ಕ್ಷಮೆಯನ್ನೂ ಕೇಳಿದೆ.

"ಆತು ಬಿಡ್ರಿ. ನೀವೇನು ಬೇಕಂತ ಮಾಡೀರೇನು? ನಾನ ಅಂದೆ, ನೀವು ಬರಕೊಂಡ್ರಿ."

"ಹಂಗಾದ್ರ ನಾಳಿಂದ ಬರ್ರಿ."

ಅವರು ತಲೆ ಅಲ್ಲಾಡಿಸಿದರು. "ಬರಾಕ ಆಗಂಗಿಲ್ಲ. ವಸೀಮ ಅಂದದ್ದು ಮಾತು. ಬಾಯಾಗ ಹುಟ್ಟಿ ಗಾಳ್ಯಾಗ ಹೋಗ್ತದ. ನೀವು ಬರದು ಎಲ್ಲಾರ ಮುಂದ ಓದಿದ್ರಿ."

"ಅದನ್ನ ರದ್ದ ಮಾಡೇವಲ್ರಿ. ಇದನ್ನೂ ಎಲ್ಲಾರ ಮುಂದ ಓದ್ತೇನಿ."

"ಓದ್ರಿ, ನನಗೇನ ಸಿಟ್ಟಿಲ್ಲ. ಆದ್ರ ಕೇಳ್ರಿ ಮೇಡಮ್ಮಾರ. ನಾ ಈಗ ಹೋಗಿ ನಿಂತ್ರ ಮ್ಯಾಲಿನಾಂವ ಒಮ್ಮೆ ಕೆಳಗ ನೋಡ್ತಾನ. ಇಂವಾ ಖರೇನ ಹಿಡದಾನೋ, ಸುಮ್ಮ ನಿಂತಾನೋ ಅಂತ. ನೋಡಬಾರದು ಅಂದ್ರೂ ನೋಡ್ತಾನ. ಏಣಿ ಏರಿದಾಂವ ಕೆಳಗ ನೋಡಬಾರದ್ರಿ." ಒಂದು ಎಲೆಯನ್ನು ಬೆಳಕಿಗೆ ಹಿಡಿದು ಎಡಗಡೆಗೆ ಇಟ್ಟರು. "ಹತ್ತೊಂಬತ್ತ ವರ್ಷ ಯಾರೂ ನೋಡಿದ್ದಿಲ್ಲ."

ನಾನು ಅಲ್ಲಾಭಕ್ಷರ ಬಳಿ ಹೋದೆ. ಈ ಸಲ ರಸ್ತೆಯಲ್ಲಿ ನಿಂತು, ಬೇಲಿಯ ಹೊರಗೆ, ಕೇಳಿದೆ: ಆ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಬಹುದೇ?

"ಆತ ಇರೋತನಾ ಬ್ಯಾರೆಯವ್ರು ನಿಂದ್ರಂಗಿಲ್ರಿ" ಎಂದರು. "ನಾ ಹೋಗಿ ಎರಡ ಸಲ ಕಾಲ ಹಿಡದೆ. ಬರವಲ್ಲ." ಆಮೇಲೆ ಹೇಳಿದರು: "ಅವತ್ತ ನೀವು ರಸ್ತೇಕ ಬಂದಿದ್ರ, ಆ ಕಾಗದ ಹೊಳ್ಳಿ ನಿಮ್ಮ ಚೀಲಕ್ಕ ಹೋಗತಿತ್ತು, ಆತ ಹೋಗತಿದ್ದಿಲ್ಲ."

ಮಾರ್ಚ್ ೪ರಿಂದ ೬ರವರೆಗೆ ಅದೇ ತೋಟದ ಮುಂದಿನ ಕೊಯ್ಲು ನಡೆಯಿತು. ನಾನು ಅದೇ ಜಾಗದಲ್ಲಿ ಕುಳಿತು, ಅದೇ ತಖ್ತೆಯನ್ನು ತುಂಬಿದೆ. ಯಾರೂ ತಮಾಷೆ ಮಾಡಲಿಲ್ಲವಾದ್ದರಿಂದ "ಮಾತು" ಎಂಬ ಅಂಕಣ ಬಹುತೇಕ ಖಾಲಿ ಉಳಿಯಿತು. ಐದನೆಯ ಸಾಲಿನಲ್ಲಿ ಬಾಬಾಜಾನರ ಹೆಸರನ್ನು ಬರೆದು, ಮುಂದಿನ ಅಂಕಣಗಳನ್ನು ಖಾಲಿ ಬಿಟ್ಟೆ. ಏಣಿಯ ಬುಡಕ್ಕೆ ಎರಡು ಕಲ್ಲುಗಳನ್ನು ಒತ್ತಿ ಇಟ್ಟಿದ್ದರು.

ಎರಡೂ ವೀಕ್ಷಣೆಗಳ ತಖ್ತೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದ್ದೇನೆ. ತೋಟ, ಏಣಿ, ಏರಿದ ಮೂವರು, ಗಂಟೆಗಳು ಎರಡರಲ್ಲೂ ಒಂದೇ. ಫೆಬ್ರವರಿಯ ಮೂರು ದಿನಗಳಲ್ಲಿ ಏಣಿಯ ಹದಿಮೂರು ಮತ್ತು ಹದಿನಾಲ್ಕನೆಯ ಮೆಟ್ಟಿಲುಗಳನ್ನು ಐವತ್ತೆಂಟು ಸಲ ಏರಿದ್ದರು. ಮಾರ್ಚ್ ತಿಂಗಳ ಮೂರು ದಿನಗಳಲ್ಲಿ ಆ ಎರಡು ಮೆಟ್ಟಿಲುಗಳನ್ನು ಯಾರೂ ಏರಲಿಲ್ಲ.